ಅಣುವಿನ ಓಟ, ಪಕ್ಕದಲ್ಲೇ ಗ್ರಾಫ್: ಯಾವ ಸಾಫ್ಟ್‌ವೇರ್ ಹಿಡಿಯಬೇಕು?

ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಬಂತೆಂದರೆ, ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ, ಅಂದರೆ ಸಿಮ್ಯುಲೇಷನ್ ಮಾಡುವ, ನಮ್ಮ ಕಡೆಯ ವಿದ್ಯಾರ್ಥಿಗಳು ಕೇಳುವುದು ಇದನ್ನೇ: "ಸರ್, ಸಿಮ್ಯುಲೇಷನ್ ಮುಗಿದದ್ರಿ. ವಿಡಿಯೊ ಒಂದ್ ಕಡೆ ಅದ, ಗ್ರಾಫ್ ಒಂದ್ ಕಡೆ ಅದ. ಎರಡೂ ಜೋಡಿ ಹೆಂಗ ತೋರಸಬೇಕ್ರಿ?" ಗುಲಬರ್ಗಾ ವಿಶ್ವವಿದ್ಯಾಲಯದವರು ಕೇಳುತ್ತಾರೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರು ಕೇಳುತ್ತಾರೆ, ಬೀದರಿನಲ್ಲಿ ಎಂಫಾರ್ಮ್ ಮಾಡುತ್ತಿರುವವರೂ ಕೇಳುತ್ತಾರೆ. ಯಾದಗಿರಿಯ ಪಿಯು ಕಾಲೇಜಿನ ಮೇಡಂ ಒಬ್ಬರಿಗೆ ತರಗತಿಯಲ್ಲಿ ತೋರಿಸಲು ಇಂಥದ್ದೇ ಒಂದು ಬೇಕಿತ್ತು. ಅಣುವನ್ನು ತೆರೆಯ ಮೇಲೆ ತೋರಿಸುವ ಸಾಫ್ಟ್‌ವೇರ್‌ಗಳಲ್ಲಿ ಒಬ್ಬರು ವಿಎಂಡಿ ಅನ್ನುತ್ತಾರೆ, ಇನ್ನೊಬ್ಬರು ಪೈಮಾಲ್ ಅನ್ನುತ್ತಾರೆ, ಮತ್ತೊಬ್ಬರು ಕೋಡ್ ಬರೆದು ಎಲ್ಲ ಪೈಥಾನ್‌ನಲ್ಲೇ ಮಾಡು ಅನ್ನುತ್ತಾರೆ. ಕೇಳಿದವರು ಗೊಂದಲಕ್ಕೆ ಬೀಳುತ್ತಾರೆ.

ಬೇರೆ ಬೇರೆ ತೋರಿಸಿದರೆ ಆಗಲ್ವಾ? ಆಗುತ್ತದೆ, ಆದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ನಿಮ್ಮ ಔಷಧದ ಅಣುವಿನ ಆರ್‌ಎಂಎಸ್‌ಡಿ (ಮೊದಲಿದ್ದ ಜಾಗದಿಂದ ಎಷ್ಟು ಸರಿದಿದೆ ಎಂಬ ಅಳತೆ) 40ನೇ ನ್ಯಾನೊಸೆಕೆಂಡಿನಲ್ಲಿ 0.3 ನ್ಯಾನೊಮೀಟರ್‌ನಿಂದ ಒಮ್ಮೆಲೇ 5ಕ್ಕೆ ಹಾರಿದೆ ಅಂದುಕೊಳ್ಳಿ. ಗ್ರಾಫ್ ಮಾತ್ರ ನೋಡಿದವರು "ಅಣು ಪ್ರೋಟೀನಿನಿಂದ ಬಿಟ್ಟುಹೋಯಿತು" ಎಂದು ಬರೆದುಬಿಡುತ್ತಾರೆ. ಅದೇ ಕ್ಷಣದ ಫ್ರೇಮ್, ಅಂದರೆ ಆ ಕ್ಷಣದ ಅಣುವಿನ ಚಿತ್ರ, ಪಕ್ಕದಲ್ಲಿದ್ದರೆ ಬೇರೆಯದೇ ಕಾಣಬಹುದು. ಅಣು ನೀರಿನ ಪೆಟ್ಟಿಗೆಯ ಈ ಗೋಡೆಯಲ್ಲಿ ಮಾಯವಾಗಿ ಆ ಗೋಡೆಯಲ್ಲಿ ಮೂಡಿರುತ್ತದೆ. ಪೆಟ್ಟಿಗೆಯ ಅಂಚುಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು ಸಿಮ್ಯುಲೇಷನ್ ಲೆಕ್ಕ ಹಾಕುವುದರಿಂದ ಹೀಗಾಗುತ್ತದೆ. ಅಣು ಎಲ್ಲಿಗೂ ಹೋಗಿಲ್ಲ. ಸಿಮ್ಯುಲೇಷನ್ ಓಡಿಸುವ ಸಾಫ್ಟ್‌ವೇರ್ ಆದ ಗ್ರೋಮ್ಯಾಕ್ಸ್‌ನ ಟಿಆರ್‌ಜೆಕಾನ್ವ್ ಆಜ್ಞೆಯಿಂದ ಟ್ರಾಜೆಕ್ಟರಿಯನ್ನು (ಎಲ್ಲ ಫ್ರೇಮ್‌ಗಳಿರುವ ಫೈಲನ್ನು) ಸರಿಪಡಿಸಿಕೊಂಡರೆ ಆ ನೆಗೆತವೇ ಇರುವುದಿಲ್ಲ. ಒಂದು ಇಡೀ ಅಧ್ಯಾಯದ ತೀರ್ಮಾನ ತಲೆಕೆಳಗಾಗುವುದನ್ನು ಈ ಜೋಡಿ ನೋಟ ತಪ್ಪಿಸುತ್ತದೆ. ಅದಕ್ಕೇ ಇದನ್ನು ಬರೀ ಅಲಂಕಾರ ಎಂದು ನಾನು ಎಣಿಸುವುದಿಲ್ಲ.

ಮೊದಲು ಅಳತೆಗೋಲು

ಸಾಫ್ಟ್‌ವೇರಿನ ಹೆಸರು ಎತ್ತುವ ಮೊದಲು ನಿಮಗೆ ಏನು ಬೇಕು ಎಂದು ಗಟ್ಟಿ ಮಾಡಿಕೊಳ್ಳಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿರುವುದು ಒಂದೇ: ಗ್ರಾಫಿನ ಮೇಲೆ ಓಡುವ ಚುಕ್ಕೆಯೂ ತೆರೆಯ ಮೇಲಿನ ಅಣುವೂ ಒಂದೇ ಕ್ಷಣದ್ದಾಗಿರಬೇಕು. ಕೇಳಲು ಸುಲಭ, ಕೆಡುವುದು ಇನ್ನೂ ಸುಲಭ. ಕೆಡುವ ದಾರಿಗಳು ಮೂರ್ನಾಲ್ಕು ಇವೆ.

ಒಂದು, ಉಳಿಸುವ ಅಂತರ. 2 ಫೆಮ್ಟೊಸೆಕೆಂಡಿನ ಹೆಜ್ಜೆಯಲ್ಲಿ 5000 ಹೆಜ್ಜೆಗೊಮ್ಮೆ ಅಣುವಿನ ಸ್ಥಾನ ಉಳಿಸಿದರೆ 10 ಪಿಕೊಸೆಕೆಂಡಿಗೆ ಒಂದು ಫ್ರೇಮ್ ಸಿಗುತ್ತದೆ. ಶಕ್ತಿಯ ಫೈಲನ್ನು 500 ಹೆಜ್ಜೆಗೊಮ್ಮೆ ಉಳಿಸಿದ್ದರೆ ಅಲ್ಲಿ ಹತ್ತು ಪಟ್ಟು ಜಾಸ್ತಿ ಸಾಲುಗಳಿರುತ್ತವೆ. ಸಾಲಿನ ಸಂಖ್ಯೆ ನೋಡಿ ಹೊಂದಿಸಿದರೆ ಗ್ರಾಫ್ ಒಂದು ಕಾಲದಲ್ಲಿ, ಅಣು ಇನ್ನೊಂದು ಕಾಲದಲ್ಲಿ ಓಡುತ್ತಿರುತ್ತವೆ. ಸಮಯದ ಕಾಲಂ ನೋಡಿಯೇ ಹೊಂದಿಸಿ.

ಎರಡನೆಯದು ವಿಎಂಡಿ ಬಳಸುವವರಿಗೆ ತುಂಬಾ ಸಲ ಆಗುವುದು. ಮೊದಲು ರಚನೆಯ ಜಿಆರ್‌ಒ ಫೈಲ್ ತೆರೆದು, ಅದರ ಮೇಲೆ ಎಕ್ಸ್‌ಟಿಸಿ ಟ್ರಾಜೆಕ್ಟರಿ ಹಾಕಿದರೆ, ಆ ಮೊದಲ ರಚನೆಯೇ ಸೊನ್ನೆಯ ಫ್ರೇಮ್ ಆಗಿ ಕೂತುಬಿಡುತ್ತದೆ. ಆಮೇಲೆ ಎಲ್ಲವೂ ಒಂದು ಫ್ರೇಮ್ ಹಿಂದೆ. ಆ ಫ್ರೇಮನ್ನು ಅಳಿಸಿ ಮುಂದುವರಿಯಬೇಕು. ಇನ್ನು ಅಳತೆಯ ಮಾನ: ಗ್ರೋಮ್ಯಾಕ್ಸ್ ನ್ಯಾನೊಮೀಟರ್‌ನಲ್ಲಿ ಕೊಡುತ್ತದೆ, ವಿಎಂಡಿ ಮತ್ತು ಎಂಡಿಅನಾಲಿಸಿಸ್ ಎಂಬ ಪೈಥಾನ್ ಲೈಬ್ರರಿ ಆಂಗ್‌ಸ್ಟ್ರಾಮ್‌ನಲ್ಲಿ. ಹತ್ತು ಪಟ್ಟು ವ್ಯತ್ಯಾಸ. ಕೊನೆಯದು, ಅಣುವಿನ ನಡುಕ ಕಡಿಮೆ ಕಾಣಲೆಂದು ಅನಿಮೇಷನ್ನಿಗೆ ಸ್ಮೂದಿಂಗ್ ಹಾಕುವುದು. ಆಗ ತೆರೆಯ ಮೇಲಿರುವುದು ಹಲವು ಫ್ರೇಮ್‌ಗಳ ಸರಾಸರಿ, ಗ್ರಾಫಿನಲ್ಲಿರುವುದು ಒಂದೇ ಫ್ರೇಮಿನ ಬೆಲೆ. ಸ್ಮೂದಿಂಗ್ ಹಾಕಲೇಬೇಕಾದರೆ ಚಿತ್ರದ ಕೆಳಗೆ ಹಾಗೆಂದು ಬರೆಯಿರಿ.

ಇದಾದ ಮೇಲೆ ಬರುವ ಪ್ರಶ್ನೆಗಳು: ನೋಡುವವರು ಯಾರು, ನೀವೊಬ್ಬರೇನಾ, ನಿಮ್ಮ ಗೈಡಾ, ಅರವತ್ತು ಮಕ್ಕಳ ತರಗತಿಯಾ? ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಎಷ್ಟಿದೆ? ಇಂಟರ್‌ನೆಟ್ ನಂಬಬಹುದಾ? ಕರೆಂಟ್ ಹೋದರೆ ಅರ್ಧ ಕೆಲಸ ಉಳಿಯುತ್ತದಾ? ಅಕ್ಷರಗಳು ಕನ್ನಡದಲ್ಲಿ ಬೇಕಾ? ದುಡ್ಡಿನ ಪ್ರಶ್ನೆ ಇಲ್ಲಿ ಹಿಂದೆ ಸರಿಯುತ್ತದೆ, ಯಾಕೆಂದರೆ ಓದುವವರಿಗೆ ಬೇಕಾದ ಬಹುತೇಕ ಎಲ್ಲವೂ ಉಚಿತವಾಗಿಯೇ ಸಿಗುತ್ತದೆ. ಖರ್ಚಾಗುವುದು ರ‍್ಯಾಮ್ ಮತ್ತು ಸಮಯ.

ಎಲ್ಲವನ್ನೂ ಒಂದೇ ಉದಾಹರಣೆಯ ಮೇಲೆ ತೂಗಿದರೆ ಅರ್ಥವಾಗುತ್ತದೆ. ಎಂಡಿಅನಾಲಿಸಿಸ್ ಲೈಬ್ರರಿಯ ಜೊತೆ ಪರೀಕ್ಷೆಗೆಂದು ಕೊಡುವ ಫೈಲ್‌ಗಳಲ್ಲಿ ಅಡೆನಿಲೇಟ್ ಕೈನೇಸ್ ಎಂಬ ಪ್ರೋಟೀನ್ ಇದೆ. 214 ಅಮೈನೊ ಆಮ್ಲ, 3341 ಪರಮಾಣು, 98 ಫ್ರೇಮ್. ಮುಚ್ಚಿಕೊಂಡಿದ್ದ ಪ್ರೋಟೀನ್ ತೆರೆದುಕೊಳ್ಳುವುದನ್ನು ಅದರಲ್ಲಿ ನೋಡಬಹುದು. ಅದು ಎಷ್ಟು ಹರಡಿಕೊಂಡಿದೆ ಎಂದು ಹೇಳುವ ಗೈರೇಷನ್ ತ್ರಿಜ್ಯ ಸುಮಾರು 16.7 ಆಂಗ್‌ಸ್ಟ್ರಾಮ್‌ನಿಂದ 19.5ರ ಆಸುಪಾಸಿಗೆ ಏರುತ್ತದೆ. ಇಡೀ ಟ್ರಾಜೆಕ್ಟರಿ 4 ಎಂಬಿ ಕೂಡ ಆಗಲ್ಲ. ಮೊಬೈಲ್ ಡೇಟಾದಲ್ಲೇ ಇಳಿಸಿಕೊಂಡು ಇಲ್ಲಿ ಹೇಳಿದ ಬಹುಪಾಲನ್ನು ನೀವೇ ಮಾಡಿ ನೋಡಬಹುದು.

ವಿಎಂಡಿ: ನಿಮಗೋಸ್ಕರ ನೋಡುವಾಗ

ವಿಎಂಡಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ಲಾಸ್ ಶುಲ್ಟನ್ ಅವರ ತಂಡ ಕಟ್ಟಿದ್ದು. ಅದರ ಪ್ರಬಂಧ ಬಂದದ್ದು 1996ರಲ್ಲಿ. ಓದು, ಸಂಶೋಧನೆಗೆ ಉಚಿತ, ಹೆಸರು ನೋಂದಾಯಿಸಿ ಇಳಿಸಿಕೊಳ್ಳಬೇಕು. ವಿಂಡೋಸ್‌ನಲ್ಲಿ ಸಲೀಸಾಗಿ ಓಡುತ್ತದೆ, ನಮ್ಮ ಕಾಲೇಜು ಲ್ಯಾಬುಗಳಲ್ಲಿ ಇದು ದೊಡ್ಡ ಅನುಕೂಲ.

ಎರಡು ಪರಮಾಣುಗಳ ಮೇಲೆ ಕ್ಲಿಕ್ ಮಾಡಿ ಬಾಂಡ್ ಲೇಬಲ್ ಹಾಕಿ, ಲೇಬಲ್‌ಗಳ ಕಿಟಕಿಯಲ್ಲಿ ಗ್ರಾಫ್ ಒತ್ತಿದರೆ ಸಾಕು. ಫ್ರೇಮಿನಿಂದ ಫ್ರೇಮಿಗೆ ಆ ದೂರ ಹೇಗೆ ಬದಲಾಯಿತು ಎಂಬ ಗೆರೆ ಬಂದುಬಿಡುತ್ತದೆ. ಒಂದು ಸಾಲು ಕೋಡ್ ಬೇಡ. ಆರ್‌ಎಂಎಸ್‌ಡಿಗೆ ಬೇರೆ ಸಾಧನವೇ ಇದೆ, ಅದೂ ಗ್ರಾಫ್ ಬರೆಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೈಮ್‌ಲೈನ್. ಅಡ್ಡಕ್ಕೆ ಸಮಯ, ಉದ್ದಕ್ಕೆ ಅಮೈನೊ ಆಮ್ಲಗಳ ಸಾಲು, ಬಣ್ಣದಲ್ಲಿ ಬೆಲೆ. ಅದರ ಮೇಲೆ ಎಲ್ಲಿ ಕ್ಲಿಕ್ ಮಾಡುತ್ತೀರೋ ಅಣು ಆ ಫ್ರೇಮಿಗೆ ಹೋಗಿ ನಿಲ್ಲುತ್ತದೆ. 30ರಿಂದ 59ನೇ ಅಮೈನೊ ಆಮ್ಲದ ತುಂಡು ಮೊದಲು ಅಲುಗಿತಾ, 122ರಿಂದ 159ರ ಮುಚ್ಚಳ ಮೊದಲು ತೆರೆಯಿತಾ ಎಂಬಂಥ ಪ್ರಶ್ನೆಗೆ ಬೆರಳ ತುದಿಯಲ್ಲೇ ಉತ್ತರ ಹುಡುಕಬಹುದು.

ಕೊರತೆಯೂ ಇದೆ. ಗ್ರಾಫ್ ಬೇರೆ ಕಿಟಕಿಯಲ್ಲಿ ಬರುತ್ತದೆ, ನೋಡಲು ಹಳೇ ಕಾಲದ್ದು. ಅಣುವಿನ ವಿಡಿಯೊ ಮಾಡಿದರೆ ಗ್ರಾಫ್ ಅದರೊಳಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡದು ರ‍್ಯಾಮ್. ತೆರೆದ ಫ್ರೇಮ್‌ಗಳನ್ನೆಲ್ಲ ವಿಎಂಡಿ ರ‍್ಯಾಮಿನಲ್ಲೇ ಇಟ್ಟುಕೊಳ್ಳುತ್ತದೆ. ಲೆಕ್ಕ ಹಾಕಿ: ಒಂದು ಪರಮಾಣುವಿಗೆ 12 ಬೈಟ್. ನೀರು ಸೇರಿ 50,000 ಪರಮಾಣು ಇದ್ದರೆ ಒಂದು ಫ್ರೇಮಿಗೆ 600 ಕೆಬಿ. 100 ನ್ಯಾನೊಸೆಕೆಂಡನ್ನು 10 ಪಿಕೊಸೆಕೆಂಡಿಗೊಮ್ಮೆ ಉಳಿಸಿದ್ದರೆ 10,000 ಫ್ರೇಮ್, ಅಂದರೆ 6 ಜಿಬಿ. 8 ಜಿಬಿಯ ಲ್ಯಾಪ್‌ಟಾಪ್ ಅಲ್ಲೇ ಕೂತುಬಿಡುತ್ತದೆ. ಎಕ್ಸ್‌ಟಿಸಿ ಫೈಲ್ ಡಿಸ್ಕಿನಲ್ಲಿ ಕುಗ್ಗಿಸಿಟ್ಟಿರುವುದರಿಂದ ಚಿಕ್ಕದಾಗಿ ಕಾಣುತ್ತದೆ, ಆ ಗಾತ್ರ ನೋಡಿ ಮೋಸ ಹೋಗಬೇಡಿ. ನೀರನ್ನು ತೆಗೆದು 3,000 ಪರಮಾಣು ಉಳಿಸಿಕೊಂಡರೆ ಅದೇ 10,000 ಫ್ರೇಮ್ 360 ಎಂಬಿಗೆ ಇಳಿಯುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಗೆ ಮೊದಲು ಈ ಕೆಲಸ ಮಾಡಿ.

ನೋಟ್‌ಬುಕ್: ಬೇರೆಯವರೂ ಮುಟ್ಟಿ ನೋಡಲಿ ಎಂದಾಗ

ಬ್ರೌಸರಿನಲ್ಲೇ ಪೈಥಾನ್ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ಕಿನಲ್ಲಿ ಎನ್‌ಜಿಎಲ್‌ವ್ಯೂ ಎಂಬ ಲೈಬ್ರರಿ ಹಾಕಿದರೆ ಅಣು ಬ್ರೌಸರಿನೊಳಗೇ ತಿರುಗುತ್ತದೆ. ಲೆಕ್ಕಕ್ಕೆ ಎಂಡಿಅನಾಲಿಸಿಸ್ ಅಥವಾ ಎಂಡಿಟ್ರಾಜ್, ಗ್ರಾಫಿಗೆ ಪ್ಲಾಟ್‌ಲಿ. ಎನ್‌ಜಿಎಲ್‌ವ್ಯೂನ ಫ್ರೇಮ್ ಬದಲಾದಾಗಲೆಲ್ಲ ಒಂದು ಫಂಕ್ಷನ್ ಓಡುವಂತೆ ಮಾಡಬಹುದು. ಆ ಫಂಕ್ಷನ್ ಗ್ರಾಫಿನ ಚುಕ್ಕೆಯನ್ನು ಸರಿಸುತ್ತದೆ. ತಿರುಗಿಸಿಯೂ ಮಾಡಬಹುದು: ಗ್ರಾಫಿನ ನೆಗೆತದ ಮೇಲೆ ಕ್ಲಿಕ್ ಮಾಡಿದರೆ ಅಣು ಆ ಕ್ಷಣಕ್ಕೆ ಹೋಗುತ್ತದೆ. ಹತ್ತಿಪ್ಪತ್ತು ಸಾಲಿನ ಕೋಡ್, ಅಷ್ಟೆ.

ಮೊದಲ ಅಳತೆಗೋಲಿನಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ. ಬೆಲೆಯನ್ನು ಲೆಕ್ಕ ಹಾಕಿದ್ದೂ, ಚಿತ್ರ ತೋರಿಸಿದ್ದೂ ಒಂದೇ ಟ್ರಾಜೆಕ್ಟರಿಯಿಂದ, ಒಂದೇ ಫ್ರೇಮ್ ಸಂಖ್ಯೆಯಿಂದ. ತಪ್ಪಲು ಜಾಗವೇ ಕಡಿಮೆ. ಗೈಡ್ ಪಕ್ಕದಲ್ಲಿ ಕೂತು "ಇಲ್ಲಿ ಏನಾಯ್ತು ತೋರಿಸು" ಅಂದರೆ ತಕ್ಷಣ ತೋರಿಸಬಹುದು. ಎಂಡಿಅನಾಲಿಸಿಸ್ ಫ್ರೇಮ್‌ಗಳನ್ನು ಡಿಸ್ಕಿನಿಂದ ಒಂದೊಂದಾಗಿ ಓದುವುದರಿಂದ ರ‍್ಯಾಮಿನ ಮೇಲೂ ಹೊರೆ ಬೀಳುವುದಿಲ್ಲ.

ಲ್ಯಾಪ್‌ಟಾಪ್ ಹಳೆಯದಾದರೆ ಗೂಗಲಿನ ಕಂಪ್ಯೂಟರಿನಲ್ಲಿ ನೋಟ್‌ಬುಕ್ ಓಡಿಸಲು ಕೊಡುವ ಗೂಗಲ್ ಕೊಲ್ಯಾಬ್ ಇದೆಯಲ್ಲ ಎಂದು ಕೇಳುತ್ತಾರೆ. ಇದೆ, ಅಲ್ಲಿ ಎನ್‌ಜಿಎಲ್‌ವ್ಯೂನಂಥ ವಿಜೆಟ್‌ಗಳಿಗೆ ಮೊದಲು ಅನುಮತಿ ಕೊಡುವ ಎರಡು ಸಾಲು ಬರೆಯಬೇಕು, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಪ್ರತಿ ಫ್ರೇಮ್ ಅಲ್ಲಿನ ಕಂಪ್ಯೂಟರಿನಿಂದ ನಿಮ್ಮ ಬ್ರೌಸರಿಗೆ ಬರಬೇಕಾದ್ದರಿಂದ ನೆಟ್ ನಿಧಾನವಿದ್ದರೆ ಅಣು ತಡವರಿಸುತ್ತದೆ. ಸುಮ್ನೆ ಬಿಟ್ಟರೆ ಸೆಷನ್ ಕಡಿದುಹೋಗುತ್ತದೆ, ಡ್ರೈವ್‌ನಲ್ಲಿ ಉಳಿಸದ ಫೈಲ್ ಮಾಯವಾಗುತ್ತದೆ. ವೈವಾದ ದಿನ ಕಾಲೇಜಿನ ವೈಫೈ ಮೇಲೆ ಇದನ್ನು ನಂಬಿ ಹೋಗಬೇಡಿ. ಕಲಿಯಲು ಮಾತ್ರ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ನಿಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ಒಂದು ತೊಂದರೆ ಗೊತ್ತಿರಲಿ. ಜುಪಿಟರ್, ವಿಜೆಟ್ ಲೈಬ್ರರಿ, ಎನ್‌ಜಿಎಲ್‌ವ್ಯೂ ಈ ಮೂರರ ಆವೃತ್ತಿಗಳು ಹೊಂದದಿದ್ದರೆ ಅಣುವಿನ ಬದಲು ಖಾಲಿ ಬಿಳಿ ಚೌಕ ಕಾಣುತ್ತದೆ. ಒಮ್ಮೆ ಹೊಂದಿದ ಮೇಲೆ ಪರೀಕ್ಷೆ ಮುಗಿಯುವವರೆಗೆ ಯಾವುದನ್ನೂ ಅಪ್‌ಡೇಟ್ ಮಾಡಬೇಡಿ. ಪೈಥಾನ್ ಇದೇ ಮೊದಲ ಸಲ ಮುಟ್ಟುತ್ತಿರುವವರು, ಒಪ್ಪಿಸಲು ಒಂದೇ ವಾರ ಇದ್ದರೆ ಈ ದಾರಿಗೆ ಬರಬೇಡಿ.

ನೋಟ್‌ಬುಕ್ ಇಲ್ಲದವರಿಗೂ ಕಳಿಸಬೇಕಾದರೆ ತ್ರೀಡಿಮಾಲ್ ಎಂಬ ಲೈಬ್ರರಿ ಬಳಸಿ ಒಂದು ಎಚ್‌ಟಿಎಂಎಲ್ ಫೈಲ್ ಮಾಡಬಹುದು. ಗಾತ್ರ ನೋಡಿಕೊಳ್ಳಿ. ನಮ್ಮ ಉದಾಹರಣೆಯ ಎಲ್ಲ ಪರಮಾಣುಗಳನ್ನು 98 ಫ್ರೇಮಿಗೂ ಪಿಡಿಬಿ ರೂಪದಲ್ಲಿ ಬರೆದರೆ 26 ಎಂಬಿ. ಅಮೈನೊ ಆಮ್ಲಕ್ಕೊಂದರಂತೆ ಆಲ್ಫಾ ಕಾರ್ಬನ್ ಮಾತ್ರ ಇಟ್ಟರೆ 2 ಎಂಬಿಗಿಂತ ಕಡಿಮೆ. ಪ್ರೋಟೀನಿನ ಒಟ್ಟು ಚಲನೆ ತೋರಿಸಲು ಅಷ್ಟು ಸಾಕು.

ಸಿನಿಮಾ ಮಾಡುವುದು: ಎಲ್ಲರಿಗೂ ತೋರಿಸುವಾಗ

ವೈವಾ, ಸೆಮಿನಾರ್, ತರಗತಿ ಇಂಥ ಕಡೆ ಬೇಕಾಗುವುದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಹೋಗಬಹುದಾದ ಒಂದು ವಿಡಿಯೊ. ಎಡಕ್ಕೆ ಅಣು, ಬಲಕ್ಕೆ ಗ್ರಾಫ್. ಕ್ರಿಕೆಟ್ ನೋಡುವಾಗ ಪಕ್ಕದಲ್ಲಿ ರನ್‌ರೇಟ್ ಗೆರೆ ಏರುತ್ತಾ ಹೋಗುತ್ತದಲ್ಲ, ಹಾಗೆ. ಕಷ್ಟ ಜಾಸ್ತಿ, ಆದರೆ ಫಲಿತಾಂಶ ಎಲ್ಲಕ್ಕಿಂತ ಚೆನ್ನ. ಅಣುವಿನ ಫ್ರೇಮ್‌ಗಳನ್ನು ವಿಎಂಡಿಯಿಂದ ಒಂದೊಂದು ಚಿತ್ರವಾಗಿ ತೆಗೆಯಬೇಕು, ಗ್ರಾಫಿನ ಫ್ರೇಮ್‌ಗಳನ್ನು ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಿಂದ, ಆಮೇಲೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಧನದಲ್ಲಿ ಪಕ್ಕಪಕ್ಕ ಅಂಟಿಸಬೇಕು.

ಎಷ್ಟು ಫ್ರೇಮ್? ಸೆಕೆಂಡಿಗೆ 25ರಂತೆ 20 ಸೆಕೆಂಡಿನ ವಿಡಿಯೊಗೆ 500. 10,000 ಫ್ರೇಮ್ ಇದ್ದರೆ ಇಪ್ಪತ್ತಕ್ಕೊಂದು ಆರಿಸಿ. ಗ್ರಾಫಿನ ಗೆರೆಯನ್ನು ಮಾತ್ರ ಪೂರ್ತಿ 10,000 ಬೆಲೆಗಳಿಂದಲೇ ಎಳೆಯಿರಿ, ಇಲ್ಲವೆಂದರೆ ಚಿಕ್ಕ ನೆಗೆತಗಳು ಬಿಟ್ಟುಹೋಗುತ್ತವೆ. ಇಡೀ ಗೆರೆಯನ್ನು ಮೊದಲೇ ತಿಳಿ ಬೂದು ಬಣ್ಣದಲ್ಲಿ ಬಿಡಿಸಿ, ಮುಗಿದ ಕಾಲದವರೆಗೆ ಗಾಢ ಬಣ್ಣ ಹಾಕಿ, ತುದಿಗೆ ಒಂದು ದಪ್ಪ ಚುಕ್ಕೆ ಇಡಿ. ಅಕ್ಷಗಳ ಮಿತಿಯನ್ನು ಮೊದಲೇ ಕಟ್ಟಿಹಾಕಿ. ಹಾಗೆ ಮಾಡದಿದ್ದರೆ ಪ್ರತಿ ಫ್ರೇಮಿಗೂ ಅಳತೆ ಬದಲಾಗಿ ಗ್ರಾಫ್ ಕುಣಿಯುತ್ತದೆ, ನೋಡುವವರ ಕಣ್ಣು ಅಣುವನ್ನು ಬಿಟ್ಟು ಅಲ್ಲಿಗೆ ಹೋಗುತ್ತದೆ. ಪ್ರೋಟೀನಿನ ಮುಚ್ಚಳಕ್ಕೆ ಕಿತ್ತಳೆ ಬಣ್ಣ ಕೊಟ್ಟಿದ್ದರೆ ಅದರ ಗೆರೆಗೂ ಕಿತ್ತಳೆಯನ್ನೇ ಕೊಡಿ. ಆಗ ಯಾವ ಗೆರೆ ಯಾವುದರದ್ದು ಎಂದು ಬೇರೆ ವಿವರಿಸಬೇಕಿಲ್ಲ.

ವಿಎಂಡಿಯ ಸ್ನ್ಯಾಪ್‌ಶಾಟ್ ಬೇಗ ಮುಗಿಯುತ್ತದೆ, ಆದರೆ ತೆರೆಯ ಮೇಲೆ ಏನಿದೆಯೋ ಅದನ್ನೇ ತೆಗೆಯುತ್ತದೆ. ಮೇಲೆ ಬೇರೆ ಕಿಟಕಿ ಬಂದರೆ ಅದೂ ಚಿತ್ರದಲ್ಲಿ ಸೇರಬಹುದು. ವಿಎಂಡಿಯ ಜೊತೆಗೇ ಬರುವ ಟ್ಯಾಕಿಯಾನ್ ನೆರಳು ಬೆಳಕು ಸೇರಿಸಿ ಚೆಂದ ಮಾಡುತ್ತದೆ, ಸಮಯ ತಿನ್ನುತ್ತದೆ. ಫ್ರೇಮಿಗೆ 6 ಸೆಕೆಂಡ್ ಹಿಡಿದರೆ 500ಕ್ಕೆ 50 ನಿಮಿಷ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ಲ್ಯಾಪ್‌ಟಾಪ್ ಕಾದು ವೇಗ ಇಳಿಯುತ್ತದೆ, ರಾತ್ರಿ ಹಚ್ಚಿಡುವುದೇ ವಾಸಿ.

ಕರೆಂಟಿನ ಮಾತೂ ಇಲ್ಲಿಯೇ ಬರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ನೇರವಾಗಿ ಎಂಪಿ4 ಬರೆಯಬಹುದು, ಕೋಡ್ ಕಡಿಮೆ. ಆದರೆ ನಡುವೆ ಕರೆಂಟ್ ಹೋದರೆ ಆ ಎಂಪಿ4 ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಯಾಕೆಂದರೆ ಓದಲು ಬೇಕಾದ ಸೂಚಿ ಫೈಲಿನ ಕೊನೆಯಲ್ಲಿ ಬರೆಯಲ್ಪಡುತ್ತದೆ. ಪಿಎನ್‌ಜಿ ಚಿತ್ರಗಳಾಗಿ ಉಳಿಸಿದ್ದರೆ 312ನೇ ಫ್ರೇಮಿಗೆ ಕರೆಂಟ್ ಹೋದರೂ 312ರಿಂದಲೇ ಮುಂದುವರಿಸಬಹುದು. ಯುಪಿಎಸ್ ಇಲ್ಲದ ಲ್ಯಾಬಿನವರು ಕಣ್ಣುಮುಚ್ಚಿ ಇದನ್ನೇ ಮಾಡಿ.

ಅಂಟಿಸುವಾಗ ಎಫ್‌ಎಫ್‌ಎಂಪೆಗ್‌ನ ಎಚ್‌ಸ್ಟ್ಯಾಕ್ ಫಿಲ್ಟರಿಗೆ ಎರಡೂ ಚಿತ್ರಗಳ ಎತ್ತರ ಒಂದೇ ಇರಬೇಕು. ಪಿಕ್ಸೆಲ್ ಮಾದರಿಯನ್ನು ವೈಯುವಿ420ಪಿ ಎಂದು ಕೊಡಿ, ಅಗಲ ಎತ್ತರ ಎರಡೂ ಸರಿಸಂಖ್ಯೆ ಇರಲಿ. ಇದನ್ನು ಬಿಟ್ಟ ವಿಡಿಯೊ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ, ಸೆಮಿನಾರ್ ಹಾಲಿನ ಪವರ್‌ಪಾಯಿಂಟಿನಲ್ಲೋ ಮೊಬೈಲಿನಲ್ಲೋ ಕಪ್ಪು ತೆರೆ ತೋರಿಸಬಹುದು.

ಇಷ್ಟೆಲ್ಲ ಕೈಯಾರೆ ಮಾಡಲು ಬೇಸರವಾದರೆ ಮಾಲಿವುಡ್ ಎಂಬ ಪೈಥಾನ್ ಸಾಧನ ಇದೆ. ವಿಎಂಡಿಯನ್ನೇ ಒಳಗಿನಿಂದ ಓಡಿಸಿ, ಗ್ರಾಫನ್ನು ಚಿತ್ರದ ಮೇಲೆ ಕೂರಿಸಿ ಸಿನಿಮಾ ಮಾಡಿಕೊಡುತ್ತದೆ. ಲಿನಕ್ಸ್ ಬಲ್ಲವರಿಗೆ ಒಳ್ಳೆಯದು.

ಉಳಿದವು

ಪೈಮಾಲ್ ಅನ್ನು ತುಂಬಾ ಜನ ಮೊದಲು ಕಲಿತಿರುತ್ತಾರೆ, ನಿಂತ ಚಿತ್ರಕ್ಕೆ ಅದರಷ್ಟು ಚೆಂದ ಕೊಡುವವು ಕಡಿಮೆ. 2010ರಿಂದ ಅದು ಶ್ರೋಡಿಂಗರ್ ಕಂಪನಿಯ ಕೈಯಲ್ಲಿದೆ, ಪಾವತಿ ಆವೃತ್ತಿಯ ಜೊತೆಗೆ ಮುಕ್ತ ಆವೃತ್ತಿಯೂ ಸಿಗುತ್ತದೆ. ಟ್ರಾಜೆಕ್ಟರಿ ಓಡಿಸಬಹುದು, ಆದರೆ ಗ್ರಾಫ್ ಜೋಡಿಸುವ ಕೆಲಸಕ್ಕೆಂದೇ ಅದನ್ನು ಆರಿಸಬೇಡಿ. ಈಗಾಗಲೇ ಕೈ ಪಳಗಿದ್ದರೆ ಸಿನಿಮಾ ದಾರಿಯಲ್ಲಿ ವಿಎಂಡಿಯ ಬದಲು ಪೈಮಾಲಿನಿಂದ ಚಿತ್ರ ತೆಗೆಯಿರಿ, ಮುಂದಿನದೆಲ್ಲ ಅದೇ.

ಕೈಮೆರಾಎಕ್ಸ್ ಓದುವವರಿಗೆ ಉಚಿತ, ಬೆಳಕಿನ ಕೆಲಸ ಸೊಗಸು. ಫ್ರೇಮ್‌ಗಳಿಗೆ ಸ್ಲೈಡರ್ ಇದೆ, ಪ್ರತಿ ಫ್ರೇಮಿಗೂ ಒಂದು ಆಜ್ಞೆ ಓಡಿಸಬಹುದು. ಹಾಗಾಗಿ ಗ್ರಾಫ್ ಬೇಡ, ಮೂಲೆಯಲ್ಲಿ "ದೂರ 3.2" ಎಂದು ಬದಲಾಗುವ ಅಂಕಿ ಸಾಕು ಎನ್ನುವವರಿಗೆ ಇದು ಸಲೀಸು. ಗ್ರಾಫಿಗಿಂತ ಒಂದು ಅಂಕಿಯೇ ಚೆನ್ನಾಗಿ ತಲುಪುವ ಸಂದರ್ಭಗಳೂ ಇವೆ.

ಲೋಹ, ಪಾಲಿಮರ್, ಲ್ಯಾಂಪ್ಸ್ (ಇನ್ನೊಂದು ಸಿಮ್ಯುಲೇಷನ್ ಸಾಫ್ಟ್‌ವೇರ್) ಎಂದು ಕೆಲಸ ಮಾಡುವ ಭೌತಶಾಸ್ತ್ರ, ಇಂಜಿನಿಯರಿಂಗ್ ಕಡೆಯವರು ಓವಿಟೊ ನೋಡಿ. ಬೇಸಿಕ್ ಆವೃತ್ತಿ ಉಚಿತ. ಚಿತ್ರದ ಮೇಲೆ ಪೈಥಾನ್‌ನಿಂದ ಗ್ರಾಫ್ ಬಿಡಿಸುವ ಸೌಲಭ್ಯ ದುಡ್ಡು ಕೊಡಬೇಕಾದ ಪ್ರೊ ಆವೃತ್ತಿಯದ್ದು. ಅದಕ್ಕೆ ಖರ್ಚು ಮಾಡುವ ಬದಲು ಬೇಸಿಕ್‌ನಿಂದ ಚಿತ್ರ ತೆಗೆದು ಎಫ್‌ಎಫ್‌ಎಂಪೆಗ್‌ನಲ್ಲಿ ಅಂಟಿಸುವುದು ವಿದ್ಯಾರ್ಥಿಗೆ ಸರಿ.

ಕನ್ನಡದ ಅಕ್ಷರ ಬೇಕಾದರೆ

ಪಿಯು ಮಕ್ಕಳಿಗೆ, ಹಳ್ಳಿ ಶಾಲೆಯ ವಿಜ್ಞಾನ ಮೇಳಕ್ಕೆ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕನ್ನಡ ಫಾಂಟ್ ಕೊಟ್ಟರೂ ಒತ್ತಕ್ಷರ ಸಾಮಾನ್ಯವಾಗಿ ಕೂಡುವುದಿಲ್ಲ. "ದೂರ" ಸರಿ ಬಂದೀತು, "ಶಕ್ತಿ" ಬಿಡಿಬಿಡಿಯಾಗಿ ಬರುತ್ತದೆ. ವಿಎಂಡಿಯ ಲೇಬಲ್‌ನಲ್ಲಿ ಕನ್ನಡದ ಆಸೆ ಇಟ್ಟುಕೊಳ್ಳಬೇಡಿ. ಪ್ಲಾಟ್‌ಲಿ ಬ್ರೌಸರಿನಲ್ಲಿ ಓಡುವುದರಿಂದ ಅಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ವಿಡಿಯೊಗೆ ಸುಲಭದ ದಾರಿ ಎಂದರೆ ಗ್ರಾಫನ್ನು ಅಕ್ಷರವಿಲ್ಲದೆ ಬಿಡಿಸಿ, ಶೀರ್ಷಿಕೆ ಮತ್ತು ಅಕ್ಷಗಳ ಹೆಸರನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಬರೆದು ಪಾರದರ್ಶಕ ಪಿಎನ್‌ಜಿ ಮಾಡಿ, ಎಫ್‌ಎಫ್‌ಎಂಪೆಗ್‌ನಲ್ಲಿ ಎಲ್ಲ ಫ್ರೇಮ್‌ಗಳ ಮೇಲೂ ಒಮ್ಮೆಗೇ ಹೊದಿಸುವುದು. ಅಕ್ಷರ ಬದಲಾಗದ ಕಾರಣ ಒಂದೇ ಚಿತ್ರ ಸಾಕು.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ಒಂದು ವಾರ, ವಿಂಡೋಸ್ ಲ್ಯಾಪ್‌ಟಾಪ್, ಕೋಡಿಂಗ್ ಗೊತ್ತಿಲ್ಲ: ವಿಎಂಡಿ ಹಾಕಿ, ನೀರು ತೆಗೆದ ಟ್ರಾಜೆಕ್ಟರಿ ತೆರೆಯಿರಿ. ಗ್ರಾಫನ್ನೂ ಅಣುವನ್ನೂ ಪಕ್ಕಪಕ್ಕ ಇಟ್ಟು ಪರದೆಯನ್ನೇ ರೆಕಾರ್ಡ್ ಮಾಡಿ. ಚೆಂದ ಕಡಿಮೆ, ಸುಳ್ಳಿಲ್ಲ. ಪಿಎಚ್‌ಡಿ ಮಾಡುವವರು, ಮುಂದೆ ಇದೇ ಕ್ಷೇತ್ರದಲ್ಲಿ ಇರುವವರು ನೋಟ್‌ಬುಕ್ ದಾರಿ ಕಲಿಯಿರಿ. ಮೊದಲ ತಿಂಗಳು ಕಷ್ಟ, ಆಮೇಲೆ ಹೊಸ ಟ್ರಾಜೆಕ್ಟರಿಗೆ ಫೈಲಿನ ಹೆಸರು ಬದಲಿಸಿದರೆ ಕೆಲಸ ಮುಗಿಯುತ್ತದೆ. ಎಂಫಾರ್ಮ್‌ನವರು ಐದು ಔಷಧಗಳನ್ನು ಹೋಲಿಸುತ್ತಿದ್ದರೆ ಐದೂ ಅಣುಗಳಿಗೆ ಸಿನಿಮಾ ಮಾಡಲು ಹೋಗಬೇಡಿ. ಐದಕ್ಕೂ ಗ್ರಾಫ್ ಸಾಕು, ಬೇರೆಯಾಗಿ ನಡೆದುಕೊಂಡ ಒಂದಕ್ಕೆ ಜೋಡಿ ವಿಡಿಯೊ ಮಾಡಿ.

ಯಾದಗಿರಿಯ ಮೇಡಂಗೆ ನಾನು ಹೇಳಿದ್ದು ಅದೇ ಅಡೆನಿಲೇಟ್ ಕೈನೇಸ್ ಫೈಲನ್ನು ತಗೊಳ್ಳಿ ಎಂದು. 98 ಫ್ರೇಮನ್ನು ಸೆಕೆಂಡಿಗೆ 10ರಂತೆ ಓಡಿಸಿದರೆ ಸುಮಾರು 10 ಸೆಕೆಂಡ್ ಬರುತ್ತದೆ. ಪಕ್ಕದಲ್ಲಿ ಒಂದೇ ಗೆರೆ, ಅಕ್ಷರ ಕನ್ನಡದಲ್ಲಿ. ಓಡಿಸುವ ಮೊದಲು ಗೆರೆ ಏರುತ್ತದೋ ಇಳಿಯುತ್ತದೋ ಎಂದು ಮಕ್ಕಳನ್ನೇ ಕೇಳಿ. ಆಮೇಲೆ ವಿಡಿಯೊ ಹಾಕಿ, ನಡುವೆ ಒಂದೆರಡು ಕಡೆ ನಿಲ್ಲಿಸಿ, ಚುಕ್ಕೆ ಎಲ್ಲಿದೆ, ಪ್ರೋಟೀನಿನ ಬಾಯಿ ಎಷ್ಟು ತೆರೆದಿದೆ ಎಂದು ಅವರಿಂದಲೇ ಹೇಳಿಸಿ.